ಗ್ರಾಫಿಕ್ಸ್ ಕಾರ್ಡ್ ಖರೀದಿ: ಪಟ್ಟಿಯಲ್ಲಿದ್ದ ಫ್ರೇಮುಗಳು, ಕಣ್ಣಿಗೆ ಕಂಡ ಫ್ರೇಮುಗಳು

ನನ್ನ ಕಂಪ್ಯೂಟರಿನಲ್ಲಿದ್ದ ಗ್ರಾಫಿಕ್ಸ್ ಕಾರ್ಡು, ಅಂದರೆ ಆಟದ ಚಿತ್ರಗಳನ್ನು ಪರದೆಗೆ ರೂಪಿಸಿಕೊಡುವ ಭಾಗ, 2016ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಜಿಟಿಎಕ್ಸ್ 1050 ಟಿಐ. ನಾಲ್ಕು ಜಿಬಿ ಮೆಮೊರಿ, 75 ವಾಟ್ ವಿದ್ಯುತ್; ಕಂಪ್ಯೂಟರಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ನಿಂದ ಬೇರೆ ತಂತಿಯನ್ನೂ ಬೇಡದ ಸಾಧು ಸ್ವಭಾವದ ಕಾರ್ಡು ಅದು. ಅದನ್ನು ಬದಲಾಯಿಸುವ ಯೋಚನೆ ಬಹಳ ಕಾಲದಿಂದ ಇದ್ದರೂ, ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗೆಂದು ರೂಪಿಸುವ ಡ್ರೈವರುಗಳು (ಕಾರ್ಡನ್ನು ನಡೆಸುವ ತಂತ್ರಾಂಶ) 2025ರ ಅಕ್ಟೋಬರಿಗೆ ನಿಲ್ಲುತ್ತವೆ ಎಂದು ಅವನ್ನು ತಯಾರಿಸಿದ ಕಂಪನಿ ಎನ್‌ವಿಡಿಯ ಪ್ರಕಟಿಸಿದ ಮೇಲೆಯೇ ನಾನು ಕೈಯಲ್ಲಿ ಕಾಗದ, ಪೆನ್ನು ಹಿಡಿದು ಕೂತದ್ದು. ಅದೇ ತಿಂಗಳ 14ಕ್ಕೆ ವಿಂಡೋಸ್ 10ರ ಅಧಿಕೃತ ಬೆಂಬಲವೂ ಮುಗಿಯುವುದಿತ್ತು. ಎರಡನ್ನೂ ಒಟ್ಟಿಗೇ ಮುಗಿಸಿಬಿಡೋಣ ಎಂದುಕೊಂಡೆ. ದಾವಣಗೆರೆಯಂಥ ಊರಿನಲ್ಲಿ ಕೂತು ಇದೇ ಕೆಲಸಕ್ಕೆ ಕೈ ಹಾಕುವವರಿಗೆ, ನಾನು ಪಟ್ಟ ಗೊಂದಲಗಳಲ್ಲಿ ಕೆಲವಾದರೂ ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾರ್ಡು ಹುಡುಕಲು ಹೊರಟವರಿಗೆ ಮೊದಲು ಎದುರಾಗುವುದು ಫ್ರೇಮುಗಳ, ಅಂದರೆ ಸೆಕೆಂಡಿಗೆ ಕಾರ್ಡು ರೂಪಿಸುವ ಚಿತ್ರಗಳ, ಪಟ್ಟಿ. ಈ ಕಾರ್ಡಿನಲ್ಲಿ ಸೆಕೆಂಡಿಗೆ 92 ಫ್ರೇಮ್, ಆ ಕಾರ್ಡಿನಲ್ಲಿ 104; ನಡುವಿನ ಅಂತರಕ್ಕೆ ಎಂಟೋ ಹತ್ತೋ ಸಾವಿರ ರೂಪಾಯಿ. ಈ ಹನ್ನೆರಡು ಫ್ರೇಮು ನನ್ನ ಕಣ್ಣಿಗೆ ಕಾಣುತ್ತವೆಯೇ ಎಂಬುದನ್ನು ಮಾತ್ರ ಯಾವ ಪಟ್ಟಿಯೂ ಹೇಳುವುದಿಲ್ಲ. ಹಾಗಾಗಿ ನಾನು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು ಬಿಟ್ಟು, ಒಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಎಂದು ಬರೆದುಕೊಳ್ಳಲು ಆರಂಭಿಸಿದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೆ 33.3 ಮಿಲಿಸೆಕೆಂಡ್, 60 ಎಂದರೆ 16.7, 120 ಎಂದರೆ 8.3, 240 ಎಂದರೆ 4.2. ಮೂವತ್ತರಿಂದ ಅರವತ್ತಕ್ಕೆ ಏರಿದಾಗ ಉಳಿಯುವ ಸಮಯ ಹದಿನಾರು ಮಿಲಿಸೆಕೆಂಡಿಗಿಂತ ಹೆಚ್ಚು. ನೂರಿಪ್ಪತ್ತರಿಂದ ಇನ್ನೂರ ನಲವತ್ತಕ್ಕೆ ಏರಿದಾಗ ಉಳಿಯುವುದು ನಾಲ್ಕೇ. 92 ಮತ್ತು 104ರ ನಡುವೆ ಇರುವುದು ಬರೀ 1.3 ಮಿಲಿಸೆಕೆಂಡ್. ಹೀಗೆ ಬರೆದು ನೋಡಿದ ಮೇಲೆ ನನ್ನ ಪಟ್ಟಿಯಲ್ಲಿದ್ದ ಅರ್ಧದಷ್ಟು ಕಾರ್ಡುಗಳ ನಡುವಿನ ಜಗಳ ತಾನಾಗಿಯೇ ತಣ್ಣಗಾಯಿತು.

ಎರಡನೆಯ ವಿಷಯ ಮಾನಿಟರ್. ನನ್ನಲ್ಲಿದ್ದದ್ದು 1080ಪಿ (ಎತ್ತರದಲ್ಲಿ 1080 ಚುಕ್ಕೆಗಳ), 60 ಹರ್ಟ್ಜ್‌ನ ಹಳೆಯ ಪರದೆ. ಅದು ಸೆಕೆಂಡಿಗೆ ಅರವತ್ತು ಬಾರಿ ಮಾತ್ರ ಚಿತ್ರ ಬದಲಿಸುವುದರಿಂದ, ಕಾರ್ಡು ಎಷ್ಟೇ ಫ್ರೇಮು ಕೊಟ್ಟರೂ ಕಾಣುವುದು ಅರವತ್ತೇ. ಮೌಸಿನ ಚಲನೆಗೆ ಆಟ ಓಗೊಡುವ ವೇಗ ಕೊಂಚ ಹೆಚ್ಚಬಹುದು, ಅಷ್ಟೇ. ಆದ್ದರಿಂದ ಮೊದಲು ಮಾನಿಟರನ್ನು ನಿರ್ಧರಿಸಿ, ಆಮೇಲೆ ಅದಕ್ಕೆ ತಕ್ಕ ಕಾರ್ಡು ಎಂದು ತೀರ್ಮಾನಿಸಿದೆ. 27 ಇಂಚು, 1440ಪಿ, 165 ಹರ್ಟ್ಜ್, ಫ್ರೀಸಿಂಕ್ (ಕಾರ್ಡು ಫ್ರೇಮು ಕೊಡುವ ವೇಗಕ್ಕೇ ಪರದೆಯೂ ಹೊಂದಿಕೊಳ್ಳುವ ಸೌಲಭ್ಯ) ಇರುವ ಮಾನಿಟರುಗಳು ಹದಿನೇಳರಿಂದ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿದ್ದವು. ಫ್ರೀಸಿಂಕ್ ಎಂದರೆ ಎಎಂಡಿ ಕಂಪನಿಯ ಕಾರ್ಡೇ ಬೇಕು ಎಂದು ಅಂಗಡಿಗಳಲ್ಲಿ ಇಂದಿಗೂ ಹೇಳುವವರಿದ್ದಾರೆ. 2019ರ ಜನವರಿಯಿಂದಲೇ ಎನ್‌ವಿಡಿಯ ಕಾರ್ಡುಗಳೂ ಇಂಥ ಪರದೆಗಳಲ್ಲಿ ಈ ಸೌಲಭ್ಯವನ್ನು ಬಳಸಿಕೊಳ್ಳುತ್ತಿವೆ. 1440ಪಿ ಪರದೆಯಲ್ಲಿ 1080ಪಿಗಿಂತ ಒಂದೂಮುಕ್ಕಾಲು ಪಟ್ಟಿನಷ್ಟು ಚುಕ್ಕೆಗಳಿರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಕಾರ್ಡಿನ ಹೊರೆಯೂ ಅದರಿಂದ ಏರುತ್ತದೆ.

ಕಾರ್ಡುಗಳಲ್ಲಿ ಕೊನೆಗೆ ಉಳಿದವು ಮೂರು. ಎನ್‌ವಿಡಿಯದ ಆರ್‌ಟಿಎಕ್ಸ್ 5060, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲ್‌ನ ಆರ್ಕ್ ಬಿ580. 5060ರಲ್ಲಿ ಮೆಮೊರಿ 8 ಜಿಬಿ, ಬಿ580ರಲ್ಲಿ 12, 9060 ಎಕ್ಸ್‌ಟಿಯಲ್ಲಿ 8 ಮತ್ತು 16 ಎಂಬ ಎರಡು ಬಗೆ. ಎರಡು ಬಗೆಗೂ ಹೆಸರು ಒಂದೇ ಆಗಿರುವುದು ಗಿರಾಕಿಗೆ ತೋಡಿದ ಖೆಡ್ಡಾ ಎಂದೇ ನನ್ನ ಅಭಿಪ್ರಾಯ. ಬಿಲ್ಲಿನಲ್ಲಿ ಎಷ್ಟು ಜಿಬಿ ಎಂದು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ.

ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಕಾರ್ಡಿನ ವೇಗಕ್ಕಿಂತ ಹೆಚ್ಚಾಗಿ, ಭಾಗಗಳೆಲ್ಲ ಕೂರುವ ನನ್ನ ಹಳೆಯ ಮದರ್‌ಬೋರ್ಡು. ಅದು ಬಿ450 ಮಾದರಿ; ಅದರಲ್ಲಿ ಕಾರ್ಡಿಗೂ ಕಂಪ್ಯೂಟರಿಗೂ ನಡುವಿನ ದಾರಿ ಪಿಸಿಐಇ 3.0 ಎಂಬ ಹಳೆಯ ತಲೆಮಾರಿನದು. ಆರ್‌ಟಿಎಕ್ಸ್ 5060 ಆ ದಾರಿಯ ಹದಿನಾರು ಲೇನುಗಳಲ್ಲಿ ಎಂಟನ್ನಷ್ಟೇ ಬಳಸುತ್ತದೆ. ಹೊಸ ಬೋರ್ಡುಗಳಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ 3.0ರಲ್ಲಿ ಎಂಟು ಲೇನೆಂದರೆ ಸೆಕೆಂಡಿಗೆ ಸುಮಾರು 8 ಜಿಬಿಯಷ್ಟೇ ಸಾಗಣೆ. ಆಟವು 8 ಜಿಬಿ ಮೆಮೊರಿಯನ್ನು ತುಂಬಿ ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ಎಳೆದುಕೊಳ್ಳಬೇಕಾಗಿ ಬಂದಾಗ, ಈ ಕಿರಿದಾದ ದಾರಿಯಲ್ಲೇ ಅದೆಲ್ಲ ಬರಬೇಕು; ಆಗ ಸರಾಸರಿ ಅಷ್ಟಾಗಿ ಕುಸಿಯದಿದ್ದರೂ ಆಟ ಮುಗ್ಗರಿಸುತ್ತದೆ. 9060 ಎಕ್ಸ್‌ಟಿ ಹದಿನಾರು ಲೇನುಗಳನ್ನೂ ಬಳಸುವ ಕಾರ್ಡು. ಬಿ580ರ 12 ಜಿಬಿ ಆಕರ್ಷಕವಾಗಿತ್ತು, ಬೆಲೆಯೂ ಕಡಿಮೆ. ಆದರೆ ಹಳೆಯ ಪ್ರೊಸೆಸರುಗಳ ಜೊತೆ ಅದು ಎಡವುತ್ತದೆ ಎಂಬುದು ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಹೊರಬಿದ್ದ ಸಂಗತಿ, ನನ್ನದು 2019ರ ರೈಜೆನ್ 5 3600 ಪ್ರೊಸೆಸರು. ಹಾಗಾಗಿ 16 ಜಿಬಿಯ 9060 ಎಕ್ಸ್‌ಟಿಯೇ ಎಂದು ನಿರ್ಧರಿಸಿದೆ. ಹೊಸ ಕಂಪ್ಯೂಟರನ್ನೇ ಕಟ್ಟುವವರು ಇದೇ ಮೂರನ್ನು ತೂಗಿ ಬೇರೆ ತೀರ್ಮಾನಕ್ಕೆ ಬಂದರೆ ಅದೂ ಸರಿಯೇ.

ಇನ್ನು ಬೆಲೆ. 16 ಜಿಬಿಯ 9060 ಎಕ್ಸ್‌ಟಿ 2025ರ ಜೂನ್‌ನಲ್ಲಿ ಬಂದಾಗ ಕಂಪನಿ ಘೋಷಿಸಿದ ಬೆಲೆ 349 ಡಾಲರ್. ಡಾಲರಿಗೆ ಆಗಿನ 86 ರೂಪಾಯಿ ಎಂದು ಹಿಡಿದರೆ ಸುಮಾರು ಮೂವತ್ತು ಸಾವಿರ. ಅಮೆರಿಕದ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ನಮ್ಮಲ್ಲಿ ಶೇಕಡಾ 18 ಜಿಎಸ್‌ಟಿ ಸೇರುತ್ತದೆ. ಅಲ್ಲಿಗೆ ಮೂವತ್ತೈದು ಸಾವಿರದ ನಾನೂರು. ಆಮದುದಾರನ ಮತ್ತು ಅಂಗಡಿಯವನ ಲಾಭ ಅದರ ಮೇಲೆ. ಈ ಲೆಕ್ಕ ಕೈಯಲ್ಲಿದ್ದುದರಿಂದ, ಮೂವತ್ತೆಂಟು ಸಾವಿರ ಎಂದವರ ಜೊತೆ ಜಗಳವಾಡಲಿಲ್ಲ, ನಲವತ್ತೆಂಟು ಎಂದವರ ಅಂಗಡಿಯಲ್ಲಿ ನಿಲ್ಲಲೂ ಇಲ್ಲ.

ದಾವಣಗೆರೆಯಲ್ಲಿ ನನಗೆ ಬೇಕಾದ ಮಾದರಿ ಇರಲಿಲ್ಲ. ತರಿಸಿಕೊಡುತ್ತೇವೆ ಎಂದವರು ಮುಂಗಡ ಪೂರ್ತಿ ಕೇಳಿದರು. ಬೆಂಗಳೂರಿಗೆ ಹೋಗುವ ಕೆಲಸ ಹೇಗೂ ಇತ್ತು, ಕಂಪ್ಯೂಟರ್ ಅಂಗಡಿಗಳ ಸಾಲಿರುವ ಎಸ್‌ಪಿ ರಸ್ತೆಗೂ ಹೋಗಿಬಂದೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿಳಿದು ನಡೆದರೆ ಸಿಗುವ ಈ ರಸ್ತೆಯಲ್ಲಿ ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ಹೊರ ಊರಿನವರು ಅದನ್ನು ನೋಡಿಕೊಂಡು ಹೊರಡಬೇಕು. ನಾಲ್ಕಾರು ಅಂಗಡಿಗಳಲ್ಲಿ ವಿಚಾರಿಸುವಷ್ಟರಲ್ಲಿ ವ್ಯವಹಾರದ ಧಾಟಿ ಅರ್ಥವಾಯಿತು. ಒಂದು ಕಡೆ ಬೆಲೆ ಹೇಳುವ ಮುನ್ನವೇ, "ಬಿಲ್ ಬೇಕಾ ಸರ್? ಬಿಲ್ ಬೇಕಂದ್ರೆ ರೇಟ್ ಬೇರೆ ಆಗತ್ತೆ" ಎಂದರು. ಬಿಲ್ಲಿಲ್ಲದೆ ಕೊಂಡರೆ ಮೂರು ಸಾವಿರ ಉಳಿಯುತ್ತಿತ್ತು. ಆದರೆ ಕಾರ್ಡಿಗೆ ಮೂರು ವರ್ಷದ ವಾರಂಟಿ ಇರುತ್ತದೆ, ಸರ್ವಿಸ್ ಕೇಂದ್ರದವರು ಮೊದಲು ಕೇಳುವುದೇ ಜಿಎಸ್‌ಟಿ ಬಿಲ್ಲು. ಮೂರು ಸಾವಿರಕ್ಕೆ ಮೂರು ವರ್ಷದ ನೆಮ್ಮದಿಯನ್ನು ಮಾರಿಕೊಳ್ಳುವುದು ನನಗೆ ಸರಿಕಾಣಲಿಲ್ಲ, ತೆರಿಗೆ ತಪ್ಪಿಸುವುದಂತೂ ಮೊದಲೇ ಇಷ್ಟವಿರಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಬಿಲ್ಲು ಕೊಡಲು ಒಪ್ಪಿದರು, ಆದರೆ ಸೀರಿಯಲ್ ನಂಬರನ್ನು ಅದರಲ್ಲಿ ನಮೂದಿಸಲು ಒಪ್ಪಲಿಲ್ಲ. ಪೆಟ್ಟಿಗೆಯ ಮೇಲಿನ, ಕಾರ್ಡಿನ ಮೇಲಿನ, ಬಿಲ್ಲಿನ ಮೇಲಿನ ಸೀರಿಯಲ್ ನಂಬರ್ ಮೂರೂ ಒಂದೇ ಆಗಿರಬೇಕು. ಬಳಸಿದ ಕಾರ್ಡುಗಳೂ ಅಲ್ಲಿ ಧಾರಾಳವಾಗಿದ್ದವು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಎಂಬ ಡಿಜಿಟಲ್ ನಾಣ್ಯವನ್ನು ಕಾರ್ಡುಗಳಿಂದ ಗಳಿಸುವ ಗಣಿಗಾರಿಕೆ ನಿಂತ ಮೇಲೆ ಸಂತೆಗೆ ಬಂದು ಬಿದ್ದ ಕಾರ್ಡುಗಳ ವಂಶದವು ಇನ್ನೂ ಕೈ ಬದಲಾಯಿಸುತ್ತಲೇ ಇವೆ.

ಕೊನೆಗೆ ಮಾನಿಟರ್ ಮತ್ತು ಎಸ್‌ಎಂಪಿಎಸ್‌ಗಳನ್ನು ಅಲ್ಲಿ ಕೊಂಡು, ಕಾರ್ಡನ್ನು ಆನ್‌ಲೈನಿನಲ್ಲಿ ತರಿಸಿದೆ. ಎಸ್‌ಎಂಪಿಎಸ್ ಏಕೆಂದರೆ, ನನ್ನ ಹಳೆಯದು ಕ್ಯಾಬಿನೆಟ್ ಜೊತೆಗೇ ಬಂದದ್ದು, ಅದರಲ್ಲಿ ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ತಂತಿಯೇ ಇರಲಿಲ್ಲ. ಪ್ರೊಸೆಸರಿಗೆಂದು ನಾಲ್ಕು ನಾಲ್ಕಾಗಿ ಸೀಳಿರುವ ಎಂಟು ಪಿನ್ನಿನ ತಂತಿ ಬೇರೆ, ಗ್ರಾಫಿಕ್ಸ್ ಕಾರ್ಡಿಗೆಂದು ಆರು ಮತ್ತು ಎರಡಾಗಿ ಸೀಳಿರುವ ತಂತಿ ಬೇರೆ; ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿ ಕೂರಿಸುವ ಸಾಹಸ ಬೇಡ. ಈ ಕಾರ್ಡಿಗೆ 450 ವಾಟ್ ಸಾಕೆಂದು ಎಎಂಡಿಯೇ ಹೇಳಿದ್ದರೂ, ಮುಂದಿನ ದಿನಗಳಿಗಿರಲಿ ಎಂದು 650 ವಾಟ್‌ನದನ್ನು ಸುಮಾರು ಐದು ಸಾವಿರ ಕೊಟ್ಟು ತಂದೆ. ಕ್ಯಾಬಿನೆಟ್ಟಿನ ಒಳಗೆ ಟೇಪು ಹಿಡಿದು ಅಳೆದಾಗ, ಮುಂದಿನ ಹಾರ್ಡ್‌ಡಿಸ್ಕ್ ಗೂಡಿನಿಂದಾಗಿ ಮೂರು ಫ್ಯಾನಿನ ಉದ್ದನೆಯ ಮಾದರಿಗಳು ಹಿಡಿಸುವುದಿಲ್ಲವೆಂದು ತಿಳಿಯಿತು. ಎರಡು ಫ್ಯಾನಿನದೇ ಗತಿಯಾಯಿತು, ಅದರಿಂದ ಎರಡು ಸಾವಿರ ಉಳಿಯಿತು ಕೂಡ.

ಆರ್ಡರ್ ಮಾಡಿದ ಮೇಲಿನ ಕಾಯುವಿಕೆ ದಸರೆಯ ಹೊತ್ತಿನದಾದ್ದರಿಂದ ಲಂಬಿಸಿತು. ಪಾರ್ಸೆಲ್ಲು ಬೆಂಗಳೂರಿನ ಗೋದಾಮಿನಲ್ಲೇ ನಿಂತಿದೆ ಎಂದು ಫೋನು ತೋರಿಸುತ್ತಿತ್ತು, ನಾನು ದಿನಕ್ಕೆ ಹತ್ತು ಸಲ ಅದನ್ನೇ ನೋಡುತ್ತಿದ್ದೆ. ಬಂದ ದಿನ, ಡೆಲಿವರಿ ಹುಡುಗ ಓಟಿಪಿ ಕೇಳುವುದಕ್ಕೆ ಮುಂಚೆಯೇ ಪೆಟ್ಟಿಗೆಯ ಆರೂ ಬದಿಯನ್ನು ವಿಡಿಯೊ ಮಾಡಿಸಿದೆ. ವಿಡಿಯೊ ಮಾಡಿದ್ದು ನನ್ನ ಅಕ್ಕನ ಮಗಳು. ಇಂಜಿನಿಯರಿಂಗ್ ಓದುತ್ತಿರುವ ಅವಳಿಗೆ ಈ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿವಳಿಕೆ. ಟೇಪು ಕತ್ತರಿಸುವುದರಿಂದ ಹಿಡಿದು ಸೀರಿಯಲ್ ನಂಬರ್ ಕಾಣುವವರೆಗೆ ಎಲ್ಲಿಯೂ ತುಂಡಾಗದ ಒಂದೇ ವಿಡಿಯೊ ಇರಬೇಕು, ಇಲ್ಲದಿದ್ದರೆ ಒಳಗೆ ಬೇರೆ ವಸ್ತು ಬಂದರೂ ಹಲವು ಮಾರಾಟಗಾರರು ದೂರನ್ನು ಒಪ್ಪುವುದಿಲ್ಲ.

ಕಾರ್ಡು ಕೂರಿಸಿದ್ದು ಸುಲಭದ ಕೆಲಸ. ತೊಡಕು ಶುರುವಾದದ್ದು ಬಯೋಸಿನಲ್ಲಿ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನ ತಂತ್ರಾಂಶದಲ್ಲಿ. ಈಗಿನ ಕಾರ್ಡುಗಳು ಪೂರ್ಣ ವೇಗದಲ್ಲಿ ಓಡಲು ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. ಪ್ರೊಸೆಸರು ಕಾರ್ಡಿನ ಮೆಮೊರಿಯನ್ನು ತುಣುಕು ತುಣುಕಾಗಿ ನೋಡುವ ಬದಲು ಇಡಿಯಾಗಿ ನೋಡಲು ಅದು ಅನುವು ಮಾಡಿಕೊಡುತ್ತದೆ. ನನ್ನ ಬೋರ್ಡಿನ ಹಳೆಯ ಬಯೋಸಿನಲ್ಲಿ ಅದು ಇರಲಿಲ್ಲ. ಬಯೋಸ್ ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಬೋರ್ಡೇ ಹಾಳಾಗಬಹುದಾದ್ದರಿಂದ ಯುಪಿಎಸ್‌ನ ಬ್ಯಾಟರಿ ತುಂಬಿರುವುದನ್ನು ಖಚಿತಪಡಿಸಿಕೊಂಡು, ಡ್ರೈವ್‌ಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀಯನ್ನು ಬರೆದಿಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಕು. ಅಪ್‌ಡೇಟ್ ಆಯಿತು, ಆದರೆ ರಿಸೈಜಬಲ್ ಬಾರ್ ಆನ್ ಮಾಡಲು ಸಿಎಸ್‌ಎಂ ಎಂಬ, ಹಳೆಯ ಪದ್ಧತಿಯ ಬೂಟಿಗೆ ಆಸರೆಯಾಗುವ ಸೆಟ್ಟಿಂಗನ್ನು ಆಫ್ ಮಾಡಬೇಕಿತ್ತು. ಅದನ್ನು ಆಫ್ ಮಾಡಿದೊಡನೆ ವಿಂಡೋಸ್ ಏಳುವುದೇ ನಿಂತುಹೋಯಿತು. ಹಲವು ವರ್ಷಗಳ ಹಿಂದೆ ಅಂಗಡಿಯವರು ವಿಂಡೋಸನ್ನು ಡಿಸ್ಕನ್ನು ವಿಭಾಗಿಸುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಹಾಕಿಕೊಟ್ಟಿದ್ದರು. ಸಿಎಸ್‌ಎಂ ಮತ್ತೆ ಆನ್ ಮಾಡಿ, ಫೋಟೊ ಮತ್ತು ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಿ, ವಿಂಡೋಸಿನಲ್ಲಿಯೇ ಇರುವ ಎಂಬಿಆರ್‌2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಪರಿವರ್ತಿಸಿದ ಮೇಲೆ ಎಲ್ಲವೂ ದಾರಿಗೆ ಬಂತು. ವಿಂಡೋಸ್ 11ಕ್ಕೂ ಯುಇಎಫ್ಐ ಎಂಬ ಹೊಸ ಪದ್ಧತಿಯ ಬೂಟ್ ಕಡ್ಡಾಯವಾದ್ದರಿಂದ ಒಂದೇ ಕಷ್ಟದಲ್ಲಿ ಎರಡು ಕೆಲಸ ಮುಗಿದವು. ಬಯೋಸ್ ಬದಲಾದಾಗ ರ‍್ಯಾಮಿನ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಅಳಿಸಿಹೋಗಿ 3200ರ ರ‍್ಯಾಮು ನಿಧಾನವಾಗಿ ಓಡುತ್ತಿರುತ್ತದೆ. ಅದನ್ನು ಮರಳಿ ಆನ್ ಮಾಡಲು ನೆನಪಿಡಿ. ಎನ್‌ವಿಡಿಯದಿಂದ ಎಎಂಡಿಗೆ ಹೋಗುವವರು ಹಳೆಯ ಡ್ರೈವರನ್ನು ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಬುಡಸಮೇತ ತೆಗೆಯುವುದು ಒಳ್ಳೆಯದು.

ಹೊಸ ಮಾನಿಟರು ಮೊದಲ ಬಾರಿ ಬೆಳಗಿದಾಗ ಅದೂ ಅರವತ್ತು ಹರ್ಟ್ಜ್‌ನಲ್ಲೇ ಓಡುತ್ತಿತ್ತು, ಏಕೆಂದರೆ ವಿಂಡೋಸ್ ಬಹಳ ಸಲ ತಾನಾಗಿ 165ನ್ನು ಆರಿಸಿಕೊಳ್ಳುವುದಿಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ ನಾವೇ ಬದಲಿಸಬೇಕು. ಕೇಬಲ್ಲಿನಲ್ಲೂ ಒಂದು ಗುಟ್ಟಿದೆ: ಎಚ್‌ಡಿಎಂಐ 2.0 ಇರುವ ಮಾನಿಟರಿನಲ್ಲಿ 1440ಪಿಗೆ 144 ಹರ್ಟ್ಜ್‌ವರೆಗೆ ಮಾತ್ರ ಸಿಗುತ್ತದೆ, 165 ಬೇಕಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಬೇಕು. ಸಾವಿರಾರು ರೂಪಾಯಿ ಕೊಟ್ಟು ಹೊಸ ಪರದೆ ಕೊಂಡು, ಅರವತ್ತರಲ್ಲೇ ಇಟ್ಟುಕೊಂಡು, ಏನೂ ವ್ಯತ್ಯಾಸ ಕಾಣುವುದಿಲ್ಲ ಎನ್ನುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ಆಟಗಳ ಮಾತಿಗೆ ಬಂದರೆ, ಸೈಬರ್‌ಪಂಕ್ 2077ರಲ್ಲಿ ಹಳೆಯ ಕಾರ್ಡಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಜನಜಂಗುಳಿಯ ಪೇಟೆಯ ಭಾಗಕ್ಕೆ ಹೋದಾಗ, ವಿಮರ್ಶೆಗಳಲ್ಲಿ ನೋಡಿದ್ದ ಸಂಖ್ಯೆಗಳ ಸಮೀಪಕ್ಕೂ ಆಟ ಏರಲಿಲ್ಲ. ರೆಸಲ್ಯೂಶನ್ ಇಳಿಸಿದೆ, ಫ್ರೇಮುಗಳು ಅಲ್ಲೇ ನಿಂತವು. ಹೀಗಾದರೆ ಕಾರ್ಡು ಬಿಡುವಾಗಿದೆ, ಪ್ರೊಸೆಸರು ಏದುಸಿರು ಬಿಡುತ್ತಿದೆ ಎಂದು ತಿಳಿಯಬೇಕು. ವಿಮರ್ಶಕರು ಕಾರ್ಡನ್ನು ಕಾರ್ಡಿನೊಡನೆ ಮಾತ್ರ ಹೋಲಿಸಬೇಕೆಂಬ ಉದ್ದೇಶದಿಂದ ರೈಜೆನ್ 7 9800ಎಕ್ಸ್3ಡಿಯಂಥ ಅತಿ ವೇಗದ ಪ್ರೊಸೆಸರಿನಲ್ಲಿ ಅಳೆಯುತ್ತಾರೆ. ಅವರ ದೃಷ್ಟಿಯಿಂದ ಅದು ಸರಿ, ಆದರೆ ಆ ಸಂಖ್ಯೆಗಳು 3600ರಂಥ ಪ್ರೊಸೆಸರು ಇರುವ ನಮ್ಮ ಮನೆಗಳಿಗೆ ಬರುವುದಿಲ್ಲ. ಹಾಗೆ ನೋಡಿದರೆ, ಇನ್ನೂ ಹತ್ತು ಸಾವಿರ ಹೆಚ್ಚು ಕೊಟ್ಟು ದೊಡ್ಡ ಕಾರ್ಡು ತಂದಿದ್ದರೂ ಆ ಪೇಟೆಯಲ್ಲಿ ನನಗೆ ಒಂದೇ ಒಂದು ಫ್ರೇಮೂ ಹೆಚ್ಚಿಗೆ ಸಿಗುತ್ತಿರಲಿಲ್ಲ.

ಎಲ್ಲವೂ ಸರಿಹೋದ ಮೇಲೆ, ಕಣ್ಣಿಗೆ ನಿಜಕ್ಕೂ ಏನು ಕಾಣುತ್ತದೆ ಎಂಬ ಪ್ರಶ್ನೆಯನ್ನು ಅಕ್ಕನ ಮಗಳೇ ಕೈಗೆತ್ತಿಕೊಂಡಳು. ರಿವಾಟ್ಯೂನರ್ ಎಂಬ ತಂತ್ರಾಂಶದಲ್ಲಿ ಫ್ರೇಮುಗಳಿಗೆ ಮಿತಿ ಹಾಕಬಹುದು. ಪರದೆಯ ಮೇಲಿನ ಸಂಖ್ಯೆಯನ್ನು ಮರೆಮಾಡಿ, ನಾನು ಅತ್ತ ತಿರುಗಿದ್ದಾಗ ಮಿತಿ ಬದಲಿಸಿ, "ಈಗ ಎಷ್ಟು ಹೇಳಿ ಮಾಮ" ಎಂದು ಕೇಳುವುದು ಅವಳ ಕೆಲಸ. ಪ್ರೊಸೆಸರಿಗೆ ಹೊರೆಯಿಲ್ಲದ ಖಾಲಿ ಬಯಲಿನಲ್ಲಿ ಮೌಸು ತಿರುಗಿಸಿ ಹೇಳುವುದು ನನ್ನ ಕೆಲಸ. ನಲವತ್ತು ಮತ್ತು ಅರವತ್ತನ್ನು ಕೂಡಲೇ ಗುರುತಿಸಿದೆ. ಅರವತ್ತು ಮತ್ತು ತೊಂಬತ್ತರ ನಡುವಿನ ವ್ಯತ್ಯಾಸವೂ ಬಹುತೇಕ ಪ್ರತಿ ಸಲ ಗೊತ್ತಾಯಿತು, ಮುಖ್ಯವಾಗಿ ಕಣ್ಣಿಗಲ್ಲ, ಕೈಗೆ. ಮೌಸು ಹಗುರಾದಂತೆ ಅನ್ನಿಸುತ್ತದೆ. ತೊಂಬತ್ತು ಮತ್ತು ನೂರಿಪ್ಪತ್ತರ ಬಳಿ ತಡವರಿಸಿದೆ. ನೂರಿಪ್ಪತ್ತು ಮತ್ತು ನೂರರವತ್ತರ ನಡುವೆ ನಾನು ಹೇಳಿದ್ದೆಲ್ಲ ಬರೀ ಊಹೆ. ವ್ಯಾಲರಂಟ್ ಎಂಬ ಚುರುಕಿನ ಗುಂಡಿನಾಟ ಆಡಿ ಪಳಗಿದ ಅವಳು ಮಾತ್ರ ಮೌಸನ್ನು ಸರಕ್ಕನೆ ಎಳೆದು ಅದನ್ನೂ ಹೇಳಬಲ್ಲವಳಾಗಿದ್ದಳು. ಅದೇ ಪರೀಕ್ಷೆಯನ್ನು ಮೌಸಿನ ಬದಲು ಗೇಮ್‌ಪ್ಯಾಡ್ ಹಿಡಿದು ಮಾಡಿದಾಗ ನನಗೆ ಅರವತ್ತು ಮತ್ತು ತೊಂಬತ್ತು ಕೂಡ ಅಷ್ಟು ಸಲೀಸಾಗಿ ತಿಳಿಯಲಿಲ್ಲ; ಗೇಮ್‌ಪ್ಯಾಡಿನ ಕಡ್ಡಿ ನಿಧಾನವಾಗಿ ತಿರುಗಿಸುವುದರಿಂದ ಹಾಗಾಗುತ್ತದೆ.

ಆಟವಾಡದವರಿಗೂ ಕಾಣುವ ಒಂದು ಪರೀಕ್ಷೆಯಿದೆ. ಕನ್ನಡದ ಯಾವುದಾದರೂ ಉದ್ದನೆಯ ಬರಹವನ್ನು ತೆರೆದು ಮೌಸಿನ ಗಾಲಿಯಿಂದ ಒಂದೇ ವೇಗದಲ್ಲಿ ಮೇಲಕ್ಕೆ ಸರಿಸುತ್ತ ಓದಲು ಪ್ರಯತ್ನಿಸಿ. ಅರವತ್ತು ಹರ್ಟ್ಜ್‌ನಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿನೊಡನೆ ಕಲಸಿಹೋಗುತ್ತವೆ, ನೂರರವತ್ತೈದರಲ್ಲಿ ಸರಿಯುತ್ತಿರುವಾಗಲೇ ಪದಗಳನ್ನು ಓದಬಹುದು. ಇದಕ್ಕೆ ಕಾರಣ ಸರಳ. ಎಲ್‌ಸಿಡಿ ಪರದೆ ಒಂದು ಚಿತ್ರವನ್ನು ಮುಂದಿನ ಚಿತ್ರ ಬರುವ ತನಕ ಹಾಗೆಯೇ ಹಿಡಿದಿಟ್ಟುಕೊಳ್ಳುತ್ತದೆ, ಕಣ್ಣು ಮಾತ್ರ ಚಲನೆಯನ್ನು ಹಿಂಬಾಲಿಸುತ್ತ ಮುಂದೆ ಹೋಗಿರುತ್ತದೆ. ಸೆಕೆಂಡಿಗೆ 960 ಚುಕ್ಕೆಗಳ ವೇಗದಲ್ಲಿ ಸರಿಯುವ ವಸ್ತು 60 ಹರ್ಟ್ಜ್‌ನಲ್ಲಿ 16 ಚುಕ್ಕೆಯಷ್ಟು ಹರಡಿ ಕಾಣುತ್ತದೆ, 120ರಲ್ಲಿ 8ರಷ್ಟು. ಮನುಷ್ಯನ ಕಣ್ಣಿಗೆ ಅರವತ್ತಕ್ಕಿಂತ ಹೆಚ್ಚು ಕಾಣುವುದೇ ಇಲ್ಲ ಎಂದು ಅಂಗಡಿಯೊಂದರಲ್ಲಿ ನನಗೆ ಬಹಳ ಗಂಭೀರವಾಗಿ ತಿಳಿಹೇಳಿದ್ದರು. ಅದಕ್ಕೆ ಉತ್ತರವಾಗಿ ಈ ಒಂದು ಪರೀಕ್ಷೆ ಸಾಕು.

ನಾವಿಬ್ಬರೂ ಒಪ್ಪಿಕೊಂಡ ಮಾತೊಂದಿದೆ. ಜನಜಂಗುಳಿಯ ಆ ಪೇಟೆಯಲ್ಲಿ ಮಿತಿಯಿಲ್ಲದೆ ಬಿಟ್ಟಾಗ ಸರಾಸರಿ ಎಂಬತ್ತರ ಆಸುಪಾಸು ತೋರಿಸುತ್ತಿತ್ತು, ಆದರೆ ನೋಡಲು ಅರವತ್ತಕ್ಕೆ ಕಟ್ಟಿಹಾಕಿದಾಗಿನದ್ದೇ ಮೇಲೆನ್ನಿಸಿತು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ಸರಾಸರಿ ನಲವತ್ತರ ವೇಗದಲ್ಲಿ ಹೋಯಿತು ಎಂದ ಮಾತ್ರಕ್ಕೆ ದಾರಿಯಲ್ಲಿ ಹಂಪು ಬರಲಿಲ್ಲವೆಂದು ಅರ್ಥವಲ್ಲ. ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲಿ ಚಿಕ್ಕದಾಗಿ ಕೊಡುವ ಶೇಕಡಾ ಒಂದರ ಕನಿಷ್ಠ ಎಂಬ ಸಂಖ್ಯೆ ಈ ಹಂಪುಗಳ ಲೆಕ್ಕ. ಅತಿ ನಿಧಾನದ ಫ್ರೇಮುಗಳು ಎಷ್ಟು ನಿಧಾನ ಎಂಬುದನ್ನು ಅದು ಹೇಳುತ್ತದೆ. ಎರಡು ಕಾರ್ಡುಗಳ ನಡುವೆ ತೂಗುತ್ತಿದ್ದರೆ ಮೊದಲು ಆ ಸಂಖ್ಯೆಯನ್ನೇ ನೋಡಿ. ಫ್ರೀಸಿಂಕ್ ಸಣ್ಣಪುಟ್ಟ ಏರಿಳಿತಗಳನ್ನು ಸಮಾಧಾನಪಡಿಸುತ್ತದೆ, ದೊಡ್ಡ ಮುಗ್ಗರಿಕೆಯನ್ನು ಅದೂ ಮುಚ್ಚಲಾರದು.

ಕೃತಕವಾಗಿ ಹುಟ್ಟಿಸಿದ ಫ್ರೇಮುಗಳ ಬಗ್ಗೆಯೂ ಎರಡು ಮಾತು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ತಂತ್ರಜ್ಞಾನ ಪ್ರದರ್ಶನದ ವೇದಿಕೆಯ ಮೇಲೆ, 549 ಡಾಲರಿನ ಆರ್‌ಟಿಎಕ್ಸ್ 5070 ಹಿಂದಿನ ತಲೆಮಾರಿನ 4090ರಷ್ಟು ಸಾಮರ್ಥ್ಯ ಕೊಡುತ್ತದೆ ಎಂದು ಎನ್‌ವಿಡಿಯದ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಹೇಳಿದ್ದು ಇಂಥ ಫ್ರೇಮುಗಳನ್ನು ಸೇರಿಸಿಕೊಂಡ ಲೆಕ್ಕದಲ್ಲಿ. ಇವು ಎರಡು ನಿಜವಾದ ಫ್ರೇಮುಗಳ ನಡುವೆ ತುಂಬಿಸಿದ ಚಿತ್ರಗಳು. ಚಲನೆ ನಯವಾಗಿ ಕಾಣುತ್ತದೆ, ಆದರೆ ಮೌಸಿಗೆ ಆಟ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಎಪ್ಪತ್ತನ್ನು ನೂರ ನಲವತ್ತಾಗಿಸಿದಾಗ ನನಗೆ ಹಿಡಿಸಿತು, ಮೂವತ್ತೈದನ್ನು ಎಪ್ಪತ್ತಾಗಿಸಿದಾಗ ಕೆಸರಿನಲ್ಲಿ ಕಾಲೆಳೆದಂತಿತ್ತು. ಎಲ್ಡನ್ ರಿಂಗ್‌ನಂತೆ ಅರವತ್ತಕ್ಕೇ ಬೀಗ ಹಾಕಿರುವ ಆಟಗಳನ್ನೇ ಹೆಚ್ಚಾಗಿ ಆಡುವವರಾದರೆ ಈ ಸ್ಪರ್ಧೆಯಿಂದ ಪೂರ್ತಿ ಹೊರಗುಳಿದು ದುಡ್ಡು ಉಳಿಸಬಹುದು.

ಕಾರ್ಡು, ಮಾನಿಟರು, ಎಸ್‌ಎಂಪಿಎಸ್ ಮತ್ತು ಸಣ್ಣಪುಟ್ಟದ್ದೆಲ್ಲ ಸೇರಿ ಅರವತ್ತು ಸಾವಿರ ದಾಟಿತು. ಕಾರ್ಡಿಗೆಂದು ನಲವತ್ತು ಎತ್ತಿಟ್ಟು ಹೊರಟವರು ಉಳಿದ ಇಪ್ಪತ್ತನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಈಗ ದೊಡ್ಡ ಆಟಗಳನ್ನು ತೊಂಬತ್ತಕ್ಕೂ, ಬೆವರಿಳಿಸುವ ಆ ಪೇಟೆಯಂಥ ಜಾಗಗಳಿರುವ ಆಟಗಳನ್ನು ಅರವತ್ತಕ್ಕೂ, ಅಕ್ಕನ ಮಗಳ ಆಟಗಳನ್ನು ನೂರರವತ್ತಕ್ಕೂ ಮಿತಿ ಹಾಕಿಟ್ಟಿದ್ದೇನೆ. ಮಾನಿಟರಿನ 165ಕ್ಕಿಂತ ಕೊಂಚ ಕೆಳಗೆ ನಿಲ್ಲಿಸುವುದರಿಂದ ಫ್ರೀಸಿಂಕ್ ಕೈಬಿಡುವುದಿಲ್ಲ. ಮಿತಿ ಹಾಕದಿದ್ದಾಗ ಆಟದ ಮೆನುವಿನಲ್ಲಿ ನೂರಾರು ಫ್ರೇಮು ಓಡಿ ಕಾರ್ಡಿನಿಂದ ಬರುತ್ತಿದ್ದ ಸಣ್ಣ ಕೀರಲು ಸದ್ದೂ ಅದರಿಂದಲೇ ನಿಂತಿತು. ಅದೇ ಬೋರ್ಡಿಗೆ ಕೂರುವ ರೈಜೆನ್ 5 5600 ಹಾಕಿದರೆ ಪೇಟೆಯ ಸಮಸ್ಯೆ ಕಡಿಮೆಯಾದೀತು, ಬಯೋಸ್ ಹೇಗೂ ಹೊಸದಾಗಿದೆ; ಆ ಖರ್ಚನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದೇನೆ. ಕೊಂಡವರು ವಾರಂಟಿಗೆ ಕಂಪನಿಯ ತಾಣದಲ್ಲಿ ನೋಂದಾಯಿಸಬೇಕೇ, ಅದಕ್ಕೆ ಗಡುವಿದೆಯೇ ಎಂಬುದನ್ನು ಪೆಟ್ಟಿಗೆಯ ಒಳಗಿನ ಚೀಟಿಯಲ್ಲಿ ನೋಡಿಕೊಳ್ಳಿ, ಬಿಲ್ಲಿನ ಫೋಟೊ ತೆಗೆದು ಮೇಲ್‌ನಲ್ಲಿ ಇಟ್ಟುಕೊಳ್ಳಿ. ಅಂಗಡಿಯ ಬಿಲ್ಲಿನ ಮಸಿ ಮೂರು ವರ್ಷ ಉಳಿಯುವುದಿಲ್ಲ.